ಕೈಯೆಲುಬಿನ ಸಾಕ್ಷ್ಯ

ಹಳ್ಳಿಯ ಪ್ರಾಥಮಿಕ ಶಾಲೆಗೆ ಸೇರಿಸಲೆಂದು ತಂದೆಯವರು ನನ್ನನ್ನು ಕರೆದೊಯ್ದ ದಿನ ಮೇಷ್ಟ್ರು ನನ್ನ ಹೆಸರನ್ನು ಕೇಳಿದರು. ಹುಟ್ಟಿದ ತಾರೀಖನ್ನು ಕೇಳಲಿಲ್ಲ. ಕೇಳಿದ್ದರೂ ತಂದೆಯವರಲ್ಲಿ ಉತ್ತರವಿರಲಿಲ್ಲ. "ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟು, ನೋಡೋಣ" ಎಂದರು. ನಾನು ಕತ್ತನ್ನು ಕೊಂಚ ವಾಲಿಸಿ, ಕಷ್ಟಪಟ್ಟು, ನಡುಬೆರಳಿನ ತುದಿಯನ್ನು ಕಿವಿಗೆ ತಾಗಿಸಿದೆ. "ಆರು ತುಂಬಿದೆ" ಎಂದು ತೀರ್ಪಾಯಿತು. ದಾಖಲೆ ಪುಸ್ತಕದಲ್ಲಿ ಜೂನ್ 1 ಎಂದು ಬರೆದುಕೊಂಡರು. ನನ್ನ ತರಗತಿಯ ಮುಕ್ಕಾಲು ಪಾಲು ಮಕ್ಕಳು ಅದೇ ದಿನ ಹುಟ್ಟಿದವರು!

ಆ ಮೇಷ್ಟ್ರನ್ನು ನೆನೆದು ನಗುವವರು ಸ್ವಲ್ಪ ತಡೆಯಬೇಕು. ಅವರ ಅಳತೆ ಒರಟಾದದ್ದಾದರೂ ಆಧಾರವಿಲ್ಲದ್ದಲ್ಲ. ಹುಟ್ಟಿದ ಶಿಶುವಿನ ಉದ್ದದಲ್ಲಿ ತಲೆಯದೇ ಕಾಲು ಭಾಗ. ವಯಸ್ಕನಲ್ಲಿ ಅದು ಏಳರಲ್ಲೋ ಎಂಟರಲ್ಲೋ ಒಂದು ಭಾಗ ಮಾತ್ರ. ಎಂದರೆ ಮಗು ಬೆಳೆಯುವಾಗ ಕೈಕಾಲುಗಳು ತಲೆಗಿಂತ ಬಹು ವೇಗವಾಗಿ ನೀಳವಾಗುತ್ತವೆ. ಮೂರು ವರ್ಷದ ಮಗುವಿನ ಕೈ ನೆತ್ತಿಯನ್ನು ದಾಟಿ ಎದುರು ಕಿವಿಯನ್ನು ಮುಟ್ಟಲಾರದು. ಎಂಟು ವರ್ಷದ್ದು ಸುಲಭವಾಗಿ ಮುಟ್ಟುತ್ತದೆ. ಈ ಎರಡರ ನಡುವೆ ಎಲ್ಲಿಯೋ ಒಂದು ದಿನ ಕೈ ಕಿವಿಗೆ ಎಟಕುತ್ತದೆ. ಆ ದಿನ ಯಾವುದೆಂಬುದು ಮಗುವಿನಿಂದ ಮಗುವಿಗೆ ಬೇರೆಯಾಗುತ್ತದೆ ಎಂಬುದೊಂದನ್ನು ಬಿಟ್ಟರೆ ಮೇಷ್ಟ್ರ ವಿಧಾನದಲ್ಲಿ ತಪ್ಪೇನೂ ಇರಲಿಲ್ಲ.

ಇಂದು ಅದೇ ಪ್ರಶ್ನೆಯನ್ನು ಅದೇ ಕೈಗೆ ಕೇಳುತ್ತಿದ್ದೇವೆ. ಕಿವಿಯ ಬದಲು ಕ್ಷ-ಕಿರಣದ ಚಿತ್ರ ಬಂದಿದೆ; ಮೇಷ್ಟ್ರ ಬದಲು ತಜ್ಞ ವೈದ್ಯರು ಬಂದಿದ್ದಾರೆ. ಹದಿನಾರು ವರ್ಷದೊಳಗಿನವರ ಕ್ರಿಕೆಟ್ ತಂಡಕ್ಕೆ ಬರುವ ಹುಡುಗನ ಎಡಗೈಯ ಚಿತ್ರವನ್ನು ತೆಗೆದು ಅವನ ವಯಸ್ಸನ್ನು ಅಳೆಯುತ್ತಾರೆ. ಅಪರಾಧದ ಆರೋಪ ಹೊತ್ತ ಬಾಲಕನ ಬಳಿ ಯಾವ ದಾಖಲೆಯೂ ಇಲ್ಲದಿದ್ದಾಗ ಅವನ ಎಲುಬುಗಳನ್ನು ಸಾಕ್ಷಿಗೆ ಕರೆಯುತ್ತಾರೆ. ಈ ಸಾಕ್ಷಿ ಸುಳ್ಳು ಹೇಳುವುದಿಲ್ಲವೆಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಸುಳ್ಳು ಹೇಳುವುದಿಲ್ಲವೆಂಬುದು ನಿಜ. ಆದರೆ ನಾವು ಕೇಳುತ್ತಿರುವ ಪ್ರಶ್ನೆಗೆ ಅದು ಉತ್ತರ ಕೊಡುತ್ತಿಲ್ಲವೆಂದು ನನ್ನ ಅಭಿಪ್ರಾಯ. ಅದೇಕೆಂಬುದನ್ನು ತಿಳಿಯಬೇಕಾದರೆ ಮೊದಲು ಎಲುಬುಗಳ ಪರಿಚಯವಾಗಬೇಕು.

ನಿಮ್ಮ ಎಡಗೈಯನ್ನು ಮುಂದೆ ಚಾಚಿ ನೋಡಿಕೊಳ್ಳಿ. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ 27 ಎಲುಬುಗಳಿವೆ. ಮಣಿಕಟ್ಟಿನಲ್ಲಿ ಎರಡು ಸಾಲಾಗಿ ಕೂಡಿಸಿದ ಬೆಣಚುಕಲ್ಲುಗಳಂತೆ 8; ಅಂಗೈಯಲ್ಲಿ 5; ಬೆರಳುಗಳಲ್ಲಿ 14. ಪ್ರತಿ ಬೆರಳಿಗೂ ಮೂರು, ಹೆಬ್ಬೆರಳಿಗೆ ಮಾತ್ರ ಎರಡು. ವಯಸ್ಕನ ದೇಹದಲ್ಲಿ ಸಾಮಾನ್ಯವಾಗಿ ಎಣಿಸುವ 206 ಎಲುಬುಗಳಲ್ಲಿ ಎರಡು ಕೈಗಳ ಪಾಲೇ 54. ಕಾಲು ಭಾಗಕ್ಕಿಂತಲೂ ಹೆಚ್ಚು! ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ, ಮಣಿಕಟ್ಟಿನ ಗೆರೆಯ ಬಳಿ ಒತ್ತಿ ನೋಡಿದರೆ ಬಟಾಣಿಯಂಥ ಒಂದು ಗಟ್ಟಿ ಗುಂಡು ತಾಗುತ್ತದೆ. ಅದು ಪಿಸಿಫಾರ್ಮ್. ಹೆಸರಿನ ಅರ್ಥವೂ ಬಟಾಣಿಯ ಆಕಾರದ್ದು ಎಂದೇ. ಕೈಯನ್ನು ಸಡಿಲವಾಗಿ ಬಿಟ್ಟರೆ ಅದು ಸ್ವಲ್ಪ ಅತ್ತಿತ್ತ ಜರುಗುವುದನ್ನೂ ಕಾಣಬಹುದು.

ಈ 27 ಎಲುಬುಗಳೂ ಹುಟ್ಟುವಾಗಲೇ ಎಲುಬಾಗಿ ಇರುವುದಿಲ್ಲ. ನವಜಾತ ಶಿಶುವಿನ ಕೈಯ ಕ್ಷ-ಕಿರಣ ಚಿತ್ರವನ್ನು ಮೊದಲ ಸಲ ನೋಡಿದವರು ಬೆರಗಾಗುವುದುಂಟು. ಅಂಗೈಯ ಮತ್ತು ಬೆರಳುಗಳ ಕಡ್ಡಿಗಳು ಕಾಣುತ್ತವೆ. ಮುಂದೋಳಿನ ಎರಡು ಎಲುಬುಗಳು ಕಾಣುತ್ತವೆ. ಇವೆರಡರ ನಡುವೆ ಮಣಿಕಟ್ಟು ಇರಬೇಕಾದ ಕಡೆ ಸಾಮಾನ್ಯವಾಗಿ ಬರಿಯ ಶೂನ್ಯ. ಕೈ ಗಾಳಿಯಲ್ಲಿ ತೇಲುತ್ತಿರುವಂತೆ ತೋರುತ್ತದೆ. ವಾಸ್ತವವಾಗಿ ಅಲ್ಲಿ ಎಂಟು ತುಣುಕುಗಳೂ ಇವೆ. ಆದರೆ ಅವು ಇನ್ನೂ ಮೃದ್ವಸ್ಥಿ. ನಿಮ್ಮ ಕಿವಿಯ ಹಾಲೆಯ ಮೇಲ್ಭಾಗದಲ್ಲಿರುವಂಥ ಬಾಗುವ ವಸ್ತು. ಅದರಲ್ಲಿ ಸುಣ್ಣದ ಅಂಶ ಸೇರಿಲ್ಲವಾದ್ದರಿಂದ ಕಿರಣಗಳು ತಡೆಯಿಲ್ಲದೆ ಹಾದುಹೋಗುತ್ತವೆ.

ಮೊದಲ ಕೆಲವು ತಿಂಗಳುಗಳಲ್ಲಿ ಮಣಿಕಟ್ಟಿನ ನಡುವಿನ ಕ್ಯಾಪಿಟೇಟ್ ಮತ್ತು ಅದರ ಪಕ್ಕದ ಹ್ಯಾಮೇಟ್ ಎಂಬ ತುಣುಕುಗಳ ಒಡಲಲ್ಲಿ ಒಂದೊಂದು ಚುಕ್ಕೆ ಮೂಡುತ್ತದೆ. ಸಂಜೆಯ ಆಕಾಶದಲ್ಲಿ ಒಂದೊಂದೇ ನಕ್ಷತ್ರ ಕಾಣಿಸಿಕೊಳ್ಳುವ ಹಾಗೆ ಉಳಿದವು ಅನಂತರ ಬರುತ್ತವೆ. ಮೂರನೆಯ ವರ್ಷದ ಸುಮಾರಿಗೆ ಟ್ರೈಕ್ವೆಟ್ರಲ್, ನಾಲ್ಕರ ಸುಮಾರಿಗೆ ಅರ್ಧಚಂದ್ರದಂಥ ಲ್ಯೂನೇಟ್, ನಾಲ್ಕರಿಂದ ಆರರೊಳಗೆ ಸ್ಕೇಫಾಯ್ಡ್, ಟ್ರಪೀಜಿಯಮ್, ಟ್ರಪಿಜಾಯ್ಡ್. ಪಿಸಿಫಾರ್ಮ್ ಎಲ್ಲರಿಗಿಂತ ಸೋಮಾರಿ. ಅದು ಒಂಬತ್ತರಿಂದ ಹನ್ನೆರಡರೊಳಗೆ ಯಾವಾಗಲಾದರೂ ಕಾಣಿಸಿಕೊಳ್ಳುತ್ತದೆ. ಈ ಕಾಲಗಳೆಲ್ಲ ಸರಾಸರಿಯವು. ಹುಡುಗಿಯರಲ್ಲಿ ಎಲ್ಲವೂ ಹುಡುಗರಿಗಿಂತ ಮುಂಚೆ. ಹದಿಹರೆಯದ ಹೊತ್ತಿಗೆ ಈ ಅಂತರ ಸುಮಾರು ಎರಡು ವರ್ಷದಷ್ಟಾಗುತ್ತದೆ.

ಬೆರಳುಗಳ ಕಥೆ ಬೇರೆ. ಅಲ್ಲಿ ಕಡ್ಡಿಯಂಥ ಎಲುಬು ಹುಟ್ಟುವಾಗಲೇ ಇರುತ್ತದೆ. ಅದರ ಒಂದು ತುದಿಯಲ್ಲಿ ಮಾತ್ರ ಮೃದ್ವಸ್ಥಿಯ ಟೋಪಿ. ಒಂದೆರಡು ವರ್ಷಗಳಲ್ಲಿ ಆ ಟೋಪಿಯೊಳಗೂ ಒಂದು ಸಣ್ಣ ಎಲುಬಿನ ಬಿಲ್ಲೆ ಮೂಡುತ್ತದೆ. ಬಿಲ್ಲೆಗೂ ಕಡ್ಡಿಗೂ ನಡುವೆ ಉಳಿಯುವ ತೆಳ್ಳನೆಯ ಮೃದ್ವಸ್ಥಿಯ ಪದರವೇ ಬೆಳವಣಿಗೆಯ ತಟ್ಟೆ. ಇಲ್ಲಿನ ಜೀವಕೋಶಗಳು ನಾಣ್ಯಗಳನ್ನು ಪೇರಿಸಿಟ್ಟಂತೆ ಸಾಲುಸಾಲಾಗಿ ನಿಂತಿರುತ್ತವೆ. ಬಿಲ್ಲೆಯ ಕಡೆ ಹೊಸ ನಾಣ್ಯಗಳು ಸೇರುತ್ತಲೇ ಇರುತ್ತವೆ. ಕಡ್ಡಿಯ ಕಡೆಯವು ಊದಿ, ಸುಣ್ಣಗಟ್ಟಿ, ಸತ್ತು, ಆ ಜಾಗದಲ್ಲಿ ಎಲುಬು ಬಂದು ಕೂರುತ್ತದೆ. ನಾವು ಉದ್ದವಾಗುವುದು ಈ ಬಗೆಯಿಂದ. ಬಾಲ್ಯದಲ್ಲಿ ಬಿಲ್ಲೆ ಕಡ್ಡಿಗಿಂತ ಕಿರಿದು. ಮುಂದೆ ಅದು ಕಡ್ಡಿಯಷ್ಟೇ ಅಗಲವಾಗುತ್ತದೆ, ತದನಂತರ ಅಂಚುಗಳು ಬಾಗಿ ಮುಚ್ಚಳದಂತೆ ಕಡ್ಡಿಯನ್ನು ಕವಿಯುತ್ತದೆ. ಕೊನೆಗೆ ನಡುವಿನ ಪದರ ಕರಗಿ ಎರಡೂ ಬೆಸೆದುಕೊಳ್ಳುತ್ತವೆ. ಮೊದಲು ಬೆಸೆಯುವುದು ಬೆರಳ ತುದಿಯ ಎಲುಬುಗಳು. ಎಲ್ಲಕ್ಕಿಂತ ಕೊನೆಯದು ಮುಂದೋಳಿನ ರೇಡಿಯಸ್ ಎಂಬ ಎಲುಬಿನ ಮಣಿಕಟ್ಟಿನ ತುದಿ. ಅದೂ ಬೆಸೆದ ಮೇಲೆ ಕೈ ತನ್ನ ಕೆಲಸವನ್ನು ಮುಗಿಸಿತು.

ಇಲ್ಲಿ ಒಂದು ವಿನೋದದ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ನಾಲ್ಕು ಬೆರಳುಗಳ ಅಂಗೈಯೆಲುಬುಗಳಲ್ಲಿ ಈ ಬಿಲ್ಲೆ ಬೆರಳಿನ ಕಡೆಯ ತುದಿಯಲ್ಲಿರುತ್ತದೆ. ಹೆಬ್ಬೆರಳಿನ ಅಂಗೈಯೆಲುಬಿನಲ್ಲಿ ಮಾತ್ರ ಅದು ಮಣಿಕಟ್ಟಿನ ಕಡೆ ಇದೆ, ಥೇಟು ಬೆರಳೆಲುಬುಗಳಲ್ಲಿ ಇರುವಂತೆ. ಹೆಬ್ಬೆರಳಿಗೆ ಎರಡೇ ಎಲುಬೆಂದು ನಾವು ಕಲಿಯುತ್ತೇವೆ. ಎರಡನೆಯ ಶತಮಾನದ ವೈದ್ಯ ಗೇಲನ್ ಅದಕ್ಕೂ ಮೂರು ಎಲುಬೆಂದು ಎಣಿಸಿದ್ದ. ನಾವು ಅಂಗೈಯೆಲುಬೆನ್ನುವುದು ಅವನ ಲೆಕ್ಕದಲ್ಲಿ ಬೆರಳೆಲುಬೇ ಆಗಿತ್ತು. ಕ್ಷ-ಕಿರಣವಿಲ್ಲದ ಆ ಕಾಲದಲ್ಲಿ ಅವನಿಗೆ ಬಿಲ್ಲೆಯ ಸಂಗತಿ ತೋರುವಂತಿರಲಿಲ್ಲ. ಪರೀಕ್ಷೆಯಲ್ಲಿ ಮಾತ್ರ ದಯವಿಟ್ಟು ಎರಡೆಂದೇ ಬರೆಯಿರಿ.

ಕ್ಷ-ಕಿರಣವೂ ಮೊದಲಿನಿಂದ ಕೈಯೊಂದಿಗೇ ನಂಟು ಬೆಳೆಸಿದೆ. 1895ರ ಡಿಸೆಂಬರ್ 22ರಂದು ರಂಟ್ಜೆನ್ ತಾನು ಕಂಡುಹಿಡಿದ ಕಿರಣಗಳ ಮುಂದೆ ಹೆಂಡತಿಯ ಕೈಯನ್ನು ಇರಿಸಿ ಚಿತ್ರ ತೆಗೆದ. ಎಲುಬುಗಳೂ ಉಂಗುರವೂ ಕಪ್ಪಾಗಿ ಮೂಡಿದವು. ಮೂರೇ ವರ್ಷಗಳಲ್ಲಿ, 1898ರಲ್ಲಿ, ಲಂಡನ್ನಿನ ಶಸ್ತ್ರವೈದ್ಯ ಜಾನ್ ಪೋಲೆಂಡ್ ಮಕ್ಕಳ ಮಣಿಕಟ್ಟು ಮತ್ತು ಕೈಗಳ ಎಲುಬು ಬೆಳೆಯುವ ಕ್ರಮವನ್ನು ಚಿತ್ರಗಳ ಮೂಲಕ ತೋರಿಸುವ ಪುಸ್ತಕವನ್ನು ಪ್ರಕಟಿಸಿದ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಎಲುಬುಗಳು, ಒಂದೇ ಚಿತ್ರದಲ್ಲಿ ಎಲ್ಲವೂ ಕಾಣುವ ಅನುಕೂಲ, ಎದೆ ಹೊಟ್ಟೆಗಳಿಗೆ ಕಿರಣ ತಾಗಿಸಬೇಕಾಗಿಲ್ಲವೆಂಬ ನೆಮ್ಮದಿ, ಇವೆಲ್ಲ ಸೇರಿ ಕೈಯನ್ನು ಬೆಳವಣಿಗೆಯ ಗಡಿಯಾರವನ್ನಾಗಿ ಮಾಡಿದವು. ಬಲಗೈ ಹೆಚ್ಚು ದುಡಿಯುವುದು, ಹೆಚ್ಚು ಪೆಟ್ಟು ತಿನ್ನುವುದು; ಆದಕಾರಣ ಎಡಗೈಯನ್ನು ನೋಡುವ ರೂಢಿ ಬಂತು.

ಈ ಗಡಿಯಾರವನ್ನು ಓದಲು ಎರಡು ವಿಧಾನಗಳು ಪ್ರಸಿದ್ಧವಾಗಿವೆ. ಒಂದು ಗ್ರೂಲಿಕ್ ಮತ್ತು ಪೈಲ್ ಎಂಬವರ ಚಿತ್ರಸಂಪುಟ. ಮೊದಲು 1950ರಲ್ಲಿ, ತಿದ್ದಿದ ರೂಪದಲ್ಲಿ 1959ರಲ್ಲಿ ಬಂದದ್ದು. ಅದರಲ್ಲಿ ವಯಸ್ಸಿನ ಕ್ರಮದಲ್ಲಿ ಮಾದರಿ ಕೈಗಳಿವೆ. ನಮ್ಮ ಮುಂದಿರುವ ಚಿತ್ರ ಯಾವ ಮಾದರಿಯನ್ನು ಹೆಚ್ಚು ಹೋಲುವುದೋ ಅದರ ವಯಸ್ಸೇ ಇದರ ಎಲುಬಿನ ವಯಸ್ಸು. ಇನ್ನೊಂದು ಟ್ಯಾನರ್ ಮತ್ತು ವೈಟ್‌ಹೌಸರ ವಿಧಾನ. ಇಲ್ಲಿ ಒಂದೊಂದು ಎಲುಬನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ, ಅದು ಯಾವ ಹಂತದಲ್ಲಿದೆಯೆಂದು ಅಕ್ಷರದಿಂದ ಗುರುತಿಸಿ, ಅಂಕ ಕೊಟ್ಟು ಕೂಡಿಸುತ್ತಾರೆ. 2001ರಲ್ಲಿ ಬಂದ ಇದರ ಮೂರನೆಯ ರೂಪವೇ ನಮ್ಮ ದೇಶದ ಕ್ರಿಕೆಟ್ ಮಂಡಳಿ ಹದಿನಾರರೊಳಗಿನ ಹುಡುಗರಿಗೆ ಬಳಸುವ ವಿಧಾನ. ಮುಂದೋಳಿನ ಎರಡು ಎಲುಬುಗಳನ್ನೂ, ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ಸಾಲಿನ ಹನ್ನೊಂದು ಎಲುಬುಗಳನ್ನೂ, ಒಟ್ಟು ಹದಿಮೂರನ್ನು ಅದರಲ್ಲಿ ತೂಗಿ ನೋಡುತ್ತಾರೆ. ಎಲ್ಲವೂ ಬೆಸೆದಿದ್ದರೆ ಅಂಕ ಸಾವಿರ. ಹುಡುಗರಲ್ಲಿ ಆ ಸಾವಿರಕ್ಕೆ ಹದಿನಾರೂವರೆ ವರ್ಷವೆಂದು ಲೆಕ್ಕ, ಹುಡುಗಿಯರಲ್ಲಿ ಹದಿನೈದು.

ಈ ವಿಧಾನಗಳನ್ನು ಕಟ್ಟಿದವರ ಮುಂದೆ ಇದ್ದ ಪ್ರಶ್ನೆ ಯಾವುದು? ಮಗುವಿನ ವಯಸ್ಸು ಎಷ್ಟೆಂಬುದಲ್ಲ. ಅದು ಅವರಿಗೆ ಮೊದಲೇ ಗೊತ್ತಿತ್ತು. ವಯಸ್ಸು ಗೊತ್ತಿರುವ ಮಗುವಿನ ಬೆಳವಣಿಗೆ ಮುಂದಿದೆಯೇ, ಹಿಂದಿದೆಯೇ ಎಂದು ತಿಳಿಯುವುದಕ್ಕಾಗಿ ಅವರು ಈ ಗಡಿಯಾರವನ್ನು ರಚಿಸಿದರು. ಗ್ರೂಲಿಕ್ ಮತ್ತು ಪೈಲ್‌ರ ಮಾದರಿ ಕೈಗಳು 1930ರ ದಶಕದಿಂದ 1940ರ ದಶಕದ ಆರಂಭದವರೆಗೆ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ವರ್ಷ ವರ್ಷವೂ ಪರೀಕ್ಷೆಗೆ ಒಳಪಟ್ಟ ಅನುಕೂಲಸ್ಥ ಮನೆಗಳ ಮಕ್ಕಳವು. ಹುಟ್ಟಿದ ದಿನ ಗೊತ್ತಿದ್ದ, ಹೊಟ್ಟೆ ತುಂಬ ಉಂಡ ಮಕ್ಕಳು. ನಾವು ಆ ಅಳತೆಗೋಲನ್ನು ತಲೆಕೆಳಗು ಹಿಡಿದು, ಬೆಳವಣಿಗೆಯಿಂದ ಹುಟ್ಟಿದ ದಿನವನ್ನು ಹುಡುಕಲು ಹೊರಟಿದ್ದೇವೆ.

ಸರಿಯಾಗಿ ಹಿಡಿದಾಗ ಅದೆಷ್ಟು ಉಪಕಾರಿ ಎಂಬುದನ್ನೂ ಹೇಳಬೇಕು. ಹದಿಮೂರು ವರ್ಷದ ಹುಡುಗನೊಬ್ಬ ತರಗತಿಯಲ್ಲಿ ಎಲ್ಲರಿಗಿಂತ ಕುಳ್ಳ. ಪ್ರಾರ್ಥನೆಯ ಸಾಲಿನಲ್ಲಿ ಯಾವಾಗಲೂ ಮೊದಲಿಗ, ಹಾಸ್ಯಕ್ಕೆ ಗುರಿ. ವೈದ್ಯರು ಕೈಯ ಚಿತ್ರ ತೆಗೆಸಿ ನೋಡಿದಾಗ ಅವನ ಎಲುಬುಗಳು ಹನ್ನೊಂದರ ಹಂತದಲ್ಲಿವೆ. ಇತರ ಪರೀಕ್ಷೆಗಳಲ್ಲಿ ಕೊರತೆಯೇನೂ ಕಾಣದಿದ್ದರೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ಅವನ ತಟ್ಟೆಗಳು ಇನ್ನೂ ತೆರೆದಿವೆ; ಜೊತೆಯವರು ನಿಂತ ಮೇಲೂ ಅವನು ಬೆಳೆಯುತ್ತಾನೆ. ಅದೇ ಚಿತ್ರ ಥೈರಾಯ್ಡ್ ಗ್ರಂಥಿ ಸೋತಿರುವುದರ ಸುಳಿವನ್ನೂ ಕೊಡಬಹುದು. ಕಾಲಕ್ಕೆ ಮುಂಚೆ ಪ್ರಾಯಕ್ಕೆ ಬರುತ್ತಿರುವ ಹುಡುಗಿಯ ಎಲುಬುಗಳು ಓಡುತ್ತಿರುವುದನ್ನೂ ತೋರಿಸಬಹುದು. ಇಂಥ ಕಡೆಯಲ್ಲಿ ಎಲುಬಿನ ವಯಸ್ಸಿಗೂ ತಿಥಿಯ ವಯಸ್ಸಿಗೂ ಇರುವ ವ್ಯತ್ಯಾಸವೇ ಜ್ಞಾನ. ನ್ಯಾಯಾಲಯದಲ್ಲೂ ಆಟದ ಬಯಲಿನಲ್ಲೂ ಆ ವ್ಯತ್ಯಾಸ ಇಲ್ಲವೇ ಇಲ್ಲವೆಂದು ಭಾವಿಸಿ ಮುಂದುವರಿಯುತ್ತಾರೆ.

ವ್ಯತ್ಯಾಸ ಎಷ್ಟು ದೊಡ್ಡದಾಗಬಲ್ಲದು? 1994ರಲ್ಲಿ ಒಬ್ಬ ಮನುಷ್ಯನ ವೃತ್ತಾಂತ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ವಯಸ್ಸು 28, ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಲೇ ಇದ್ದಾನೆ. ಎಲುಬಿನ ವಯಸ್ಸು 15! ಹೆಣ್ಣಿನ ಹಾರ್ಮೋನೆಂದು ಹೆಸರಾದ ಈಸ್ಟ್ರೊಜೆನ್ ಅವನ ದೇಹದಲ್ಲಿ ಇದ್ದರೂ ಅದರ ಮಾತನ್ನು ಕೇಳುವ ಶಕ್ತಿ ಅವನ ಜೀವಕೋಶಗಳಿಗೆ ಹುಟ್ಟಿನಿಂದ ಇರಲಿಲ್ಲ. ಗಂಡಸಿನಲ್ಲಿಯೂ ಬೆಳವಣಿಗೆಯ ತಟ್ಟೆಯನ್ನು ಮುಚ್ಚಿಸುವುದು ಈಸ್ಟ್ರೊಜೆನ್ನೇ ಎಂಬುದು ಇದರಿಂದ ಸ್ಪಷ್ಟವಾಯಿತು. ಇದು ಅತ್ಯಂತ ವಿರಳವಾದ ಉದಾಹರಣೆ, ಒಪ್ಪುತ್ತೇನೆ. ಆದರೆ ಗಡಿಯಾರಕ್ಕೆ ಕೀಲಿ ಕೊಡುವವರು ಯಾರೆಂಬುದನ್ನು ಅದು ತಿಳಿಸುತ್ತದೆ. ಎಲುಬುಗಳು ಸೂರ್ಯನ ಸುತ್ತ ಭೂಮಿ ತಿರುಗಿದ್ದನ್ನು ಎಣಿಸುವುದಿಲ್ಲ. ಹಾರ್ಮೋನುಗಳ ಆಜ್ಞೆಗೆ, ಊಟಕ್ಕೆ, ರೋಗಕ್ಕೆ, ತಂದೆತಾಯಿಗಳಿಂದ ಬಂದ ಸ್ವಭಾವಕ್ಕೆ ಅವು ಕಿವಿಗೊಡುತ್ತವೆ. ಬಹುಕಾಲ ಅರೆಹೊಟ್ಟೆಯಲ್ಲಿ ಬೆಳೆದ ಮಗುವಿನ ಎಲುಬು ಹಿಂದೆ ಬೀಳುತ್ತದೆ. ಬೊಜ್ಜು ಬಂದ ಮಗುವಿನ ಎಲುಬು ಮುಂದೆ ಓಡುತ್ತದೆ.

ಯಾವ ರೋಗವೂ ಇಲ್ಲದ ಸಾಮಾನ್ಯ ಮಕ್ಕಳನ್ನೇ ತೆಗೆದುಕೊಳ್ಳೋಣ. ಹದಿಹರೆಯದಲ್ಲಿ ಎಲುಬಿನ ವಯಸ್ಸಿನ ಮಾನಕ ವಿಚಲನೆ ಸುಮಾರು ಒಂದು ವರ್ಷ. ಗಣಿತವನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಇದರ ಅರ್ಥ ತಿಳಿಯುತ್ತದೆ. ಉಳಿದವರಿಗಾಗಿ ಬಿಡಿಸಿ ಹೇಳುತ್ತೇನೆ. ಇಂದಿಗೆ ಸರಿಯಾಗಿ ಹದಿನೈದು ತುಂಬಿದ ನೂರು ಹುಡುಗರನ್ನು ಸಾಲಾಗಿ ನಿಲ್ಲಿಸಿ ಎಲ್ಲರ ಕೈಗಳ ಚಿತ್ರ ತೆಗೆಯಿರಿ. ಅಳತೆಗೋಲು ಈ ಮಕ್ಕಳಿಗೆ ಸರಿಯಾಗಿ ಹೊಂದುತ್ತದೆಂದೇ ಇಟ್ಟುಕೊಳ್ಳೋಣ. ಅವರಲ್ಲಿ ಸುಮಾರು ಅರವತ್ತೆಂಟು ಮಂದಿಯ ಎಲುಬುಗಳು ಹದಿನಾಲ್ಕಕ್ಕೂ ಹದಿನಾರಕ್ಕೂ ನಡುವೆ ಇರುತ್ತವೆ. ಹದಿನಾರು ಮಂದಿಯವು ಹದಿನಾರನ್ನು ದಾಟಿರುತ್ತವೆ. ಹದಿನಾರೂವರೆಯನ್ನು ಮುಟ್ಟಿದವರೇ ಆರೇಳು ಮಂದಿ. ಈ ಆರೇಳು ಮಂದಿ ಏನೂ ತಪ್ಪು ಮಾಡಿದವರಲ್ಲ. ಅವರ ಜನನಪತ್ರ ಸಾಚಾ. ಬೇಗ ಮಾಗುವ ಮನೆತನದಲ್ಲಿ ಹುಟ್ಟಿದರು, ಅಷ್ಟೇ. ಇನ್ನೊಂದು ತುದಿಯಲ್ಲಿ, ಹದಿನಾರೂವರೆ ತುಂಬಿಯೂ ಹದಿನೈದರ ಕೈಯುಳ್ಳವನು ಸದ್ದಿಲ್ಲದೆ ಒಳಗೆ ನುಸುಳುತ್ತಾನೆ. ಅವನ ಮೇಲೆ ಯಾರ ಸಂಶಯವೂ ಬೀಳುವುದಿಲ್ಲ.

ಆಟವನ್ನು ನಡೆಸುವವರ ಕಷ್ಟವನ್ನು ನಾನು ಅರಿಯದವನಲ್ಲ. ಸುಳ್ಳು ಜನನಪತ್ರ ತಂದು ಹತ್ತೊಂಬತ್ತರ ಯುವಕ ಹದಿನಾರರ ತಂಡದಲ್ಲಿ ಆಡಿದರೆ ನಿಜವಾದ ಹದಿನೈದರ ಹುಡುಗನೊಬ್ಬನ ಸ್ಥಾನ ಹೋಯಿತು. ಅವನ ವೇಗದ ಚೆಂಡಿಗೆ ಎದುರು ನಿಂತ ಮಗುವಿನ ತಲೆಯೂ ಅಪಾಯದಲ್ಲಿದೆ. ಎಲುಬಿನ ಪರೀಕ್ಷೆ ಬಂದ ಮೇಲೆ ಇಂಥ ಮೋಸಕ್ಕೆ ಹೆದರಿಕೆ ಹುಟ್ಟಿದೆಯೆಂಬುದೂ ಸುಳ್ಳಲ್ಲ. ಅದನ್ನು ಕಿತ್ತು ಎಸೆಯಿರಿ ಎಂದು ನಾನು ಹೇಳುವುದಿಲ್ಲ. ಹದಿಮೂರೆಂದು ಪತ್ರ ತಂದವನ ಕೈಯಲ್ಲಿ ರೇಡಿಯಸ್ ಕೂಡ ಸಂಪೂರ್ಣ ಬೆಸೆದಿದ್ದರೆ ಆ ಪತ್ರವನ್ನು ಅನುಮಾನಿಸಲು ಬಲವಾದ ಕಾರಣವಿದೆ. ಹದಿನೈದೂವರೆಯೆಂದು ತಂದವನ ಕೈ ಹದಿನಾರೂವರೆ ತೋರಿದರೆ ಕಾರಣ ಬಹಳ ದುರ್ಬಲ. ಎರಡಕ್ಕೂ ಒಂದೇ ದಂಡನೆಯೆಂದರೆ ಅದು ವಿಜ್ಞಾನದ ಹೆಸರಿನಲ್ಲಿ ನಡೆಯುವ ಅವಿಚಾರ.

ಇನ್ನೂ ಒಂದು ಮಾತು. ಬೇಗ ಮಾಗಿದ ಹುಡುಗ ತನ್ನ ಓರಗೆಯವರಿಗಿಂತ ಎತ್ತರವಾಗಿ ಬಲವಾಗಿ ಇರುವುದರಿಂದ, ಮಕ್ಕಳನ್ನು ತಿಥಿಯ ಬದಲು ಮಾಗಿದ ಮಟ್ಟದಿಂದಲೇ ಗುಂಪು ಮಾಡುವುದು ನ್ಯಾಯವೆಂದು ವಾದಿಸಬಹುದು. ಈ ವಾದದಲ್ಲಿ ತಿರುಳಿದೆ. ಆದರೆ ಹಾಗೆ ಮಾಡುವುದಾದರೆ ಬಹಿರಂಗವಾಗಿ ಮಾಡಬೇಕು: "ನಿನ್ನ ದೇಹ ದೊಡ್ಡವರ ತಂಡಕ್ಕೆ ತಕ್ಕದ್ದಾಗಿದೆ, ಅಲ್ಲಿಗೆ ಹೋಗು" ಎನ್ನಬೇಕು. "ನೀನು ವಯಸ್ಸನ್ನು ಮರೆಮಾಚಿದೆ" ಎನ್ನುವುದು ಬೇರೆಯ ಮಾತು. ಮೊದಲನೆಯದರಿಂದ ಹುಡುಗ ಒಂದು ತಂಡವನ್ನು ಕಳೆದುಕೊಳ್ಳುತ್ತಾನೆ; ಎರಡನೆಯದರಿಂದ ಊರಿನಲ್ಲಿ ಮರ್ಯಾದೆಯನ್ನು ಕಳೆದುಕೊಳ್ಳುತ್ತಾನೆ, ಅವನ ತಂದೆತಾಯಿಗಳೂ ಕಳೆದುಕೊಳ್ಳುತ್ತಾರೆ. ಎಲುಬಿನ ಚಿತ್ರದಲ್ಲಿ ಮೊದಲನೆಯ ಮಾತಿಗೆ ಆಧಾರವಿದೆ, ಎರಡನೆಯದಕ್ಕಿಲ್ಲ.

ಆಟಕ್ಕಿಂತ ಗಂಭೀರವಾದದ್ದು ನ್ಯಾಯದ ವಿಷಯ. ಸಮಾಧಾನದ ಸಂಗತಿಯೆಂದರೆ ಇಲ್ಲಿ ನಮ್ಮ ಕಾನೂನು ಸಾಕಷ್ಟು ಎಚ್ಚರವಾಗಿದೆ. 2015ರ ಬಾಲನ್ಯಾಯ ಕಾಯಿದೆಯ 94ನೆಯ ಪ್ರಕರಣದಂತೆ ಮೊದಲು ನೋಡಬೇಕಾದದ್ದು ಶಾಲೆಯ ದಾಖಲೆ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ. ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿ ಕೊಟ್ಟ ಜನನಪತ್ರ. ಅದೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ಅದಕ್ಕೂ ಬಹಳ ಹಿಂದೆ, 1982ರಲ್ಲಿಯೇ, ಸುಪ್ರೀಂ ಕೋರ್ಟು ಕ್ಷ-ಕಿರಣದಿಂದ ತಿಳಿದ ವಯಸ್ಸಿನಲ್ಲಿ ಎರಡು ವರ್ಷ ಆಚೀಚೆ ಆಗಬಹುದೆಂದು ಹೇಳಿತ್ತು. ಈ ಎರಡು ವರ್ಷವನ್ನು ಸ್ವಲ್ಪ ಯೋಚಿಸಿ ನೋಡಿ. ವರದಿಯಲ್ಲಿ "ಹದಿನೇಳು" ಎಂದಿದ್ದರೆ ಹದಿನೈದೂ ಆಗಬಹುದು, ಹತ್ತೊಂಬತ್ತೂ ಆಗಬಹುದು. ಕಾನೂನಿನಲ್ಲಿ ಎರಡು ಗೆರೆಗಳಿವೆ. ಹದಿನೆಂಟು ತುಂಬದವನು ಮಗು. ಅತಿ ಘೋರವಾದ ಅಪರಾಧಗಳಲ್ಲಿ ಹದಿನಾರು ದಾಟಿದವನನ್ನು ದೊಡ್ಡವರಂತೆ ವಿಚಾರಣೆಗೆ ಒಳಪಡಿಸಬಹುದೇ ಎಂದು ಪರಿಶೀಲಿಸಲು ಅವಕಾಶವಿದೆ. ಹದಿನೇಳೆಂಬ ಒಂದೇ ಉತ್ತರ ಈ ಎರಡು ಗೆರೆಗಳ ಎರಡು ಕಡೆಗಳಲ್ಲೂ ಕಾಲಿಟ್ಟು ನಿಂತಿದೆ.

ಕೈಯ ವಿಷಯದಲ್ಲಿ ಮತ್ತೊಂದು ತೊಡಕಿದೆ. ಹುಡುಗಿಯರ ಬೆರಳೆಲುಬುಗಳು ಹದಿನಾಲ್ಕು ಹದಿನೈದಕ್ಕೆ, ಹುಡುಗರವು ಹದಿನಾರು ಹದಿನೇಳಕ್ಕೆ ಬಹುಮಟ್ಟಿಗೆ ಬೆಸೆದುಕೊಂಡಿರುತ್ತವೆ. ಅಲ್ಲಿಂದ ಮುಂದೆ ರೇಡಿಯಸ್ ಒಂದೇ ಸ್ವಲ್ಪ ಕಾಲ ಮಾತನಾಡುತ್ತದೆ. ಹುಡುಗಿಯ ಮದುವೆಯ ವಯಸ್ಸಿನ ಪ್ರಶ್ನೆ, ಮಗುವೋ ವಯಸ್ಕನೋ ಎಂಬ ಪ್ರಶ್ನೆ, ಎಲ್ಲವೂ ನಿಂತಿರುವುದು ಹದಿನೆಂಟರ ಮೇಲೆ. ನಾವು ಬಂದು ಕೇಳುವ ಹೊತ್ತಿಗೆ ಕೈ ತನ್ನ ಮಾತನ್ನು ಮುಗಿಸಿ ಸುಮ್ಮನಾಗಿರುತ್ತದೆ. ಹದಿನಾರು ವರ್ಷದ ಹುಡುಗಿಯ ಬೆಸೆದ ಕೈಗೂ ಮೂವತ್ತರ ಹೆಂಗಸಿನ ಕೈಗೂ ಚಿತ್ರದಲ್ಲಿ ಹೇಳಿಕೊಳ್ಳುವಂಥ ಭೇದವಿರುವುದಿಲ್ಲ. ಬಲ್ಲ ವೈದ್ಯರು ಆಗ ಸೊಂಟದ ಎಲುಬಿನ ಅಂಚನ್ನೂ, ಇಪ್ಪತ್ತು ದಾಟಿದ ಮೇಲೆಯೇ ಪೂರ್ತಿ ಬೆಸೆಯುವ ಕೊರಳೆಲುಬಿನ ಒಳತುದಿಯನ್ನೂ, ಹಲ್ಲುಗಳನ್ನೂ ಸೇರಿಸಿ ನೋಡುತ್ತಾರೆ. ಹಾಗೆ ನೋಡಿದಾಗಲೂ ಸಿಗುವುದು ಒಂದು ಅಂದಾಜು, ತಾರೀಖಲ್ಲ.

ವೈದ್ಯರನ್ನು ದೂರುವುದು ನನ್ನ ಉದ್ದೇಶವಲ್ಲ. "ಇಂತಿಷ್ಟರಿಂದ ಇಂತಿಷ್ಟರೊಳಗೆ" ಎಂದು ಅವರು ಬರೆದುಕೊಟ್ಟರೂ ಓದುವವರು ನಡುವಿನ ಒಂದು ಅಂಕಿಯನ್ನು ಹಿಡಿದು ಎಳೆಯುವುದುಂಟು. ಒಂದೇ ಅಂಕಿ ಬೇಕೆಂದು ಒತ್ತಾಯಿಸುವ ನಮೂನೆಗಳೂ ಉಂಟು. ಅಂಥ ನಮೂನೆಗಳನ್ನು ಬದಲಿಸಬೇಕೆಂಬುದು ನನ್ನ ಮೊದಲ ಕೇಳಿಕೆ. ಎಲುಬಿನ ವಯಸ್ಸಿನ ಪ್ರತಿ ವರದಿಯಲ್ಲೂ ಕೆಳಗಿನ ಎಲ್ಲೆ, ಮೇಲಿನ ಎಲ್ಲೆ, ಬಳಸಿದ ವಿಧಾನ, ಆ ವಿಧಾನದ ಅಳತೆಗೋಲು ಯಾವ ದೇಶದ ಯಾವ ಕಾಲದ ಮಕ್ಕಳದ್ದೆಂಬುದು, ಇಷ್ಟೂ ಇರಬೇಕು. ರಾಯಚೂರಿನ ಹುಡುಗನನ್ನು ಕ್ಲೀವ್‌ಲೆಂಡಿನ ಹುಡುಗನ ಕೈಯಿಂದ ಅಳೆಯುವಾಗ ಹಾಗೆ ಅಳೆದೆವೆಂದು ಕಾಗದದ ಮೇಲೆ ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಹುಟ್ಟಿದ ದಿನ ನಿಶ್ಚಿತವಾಗಿ ಗೊತ್ತಿರುವ ಮಕ್ಕಳು ಈಗ ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅವರನ್ನು ಆಧರಿಸಿ ನಮ್ಮದೇ ಅಳತೆಗೋಲುಗಳನ್ನು ಕಟ್ಟಿಕೊಳ್ಳುವುದು ಆಗದ ಕೆಲಸವಲ್ಲ. ಫುಟ್‌ಬಾಲಿನ ವಿಶ್ವಸಂಸ್ಥೆ ಹದಿನೇಳರೊಳಗಿನ ಆಟಗಾರರಿಗಾಗಿ 2009ರಿಂದ ಕಾಂತಕ್ಷೇತ್ರದಿಂದ ತೆಗೆಯುವ ಮಣಿಕಟ್ಟಿನ ಚಿತ್ರವನ್ನು ಬಳಸತೊಡಗಿತು. ಅದರಲ್ಲಿ ಕ್ಷ-ಕಿರಣದ ಸೋಂಕಿಲ್ಲ ಎಂಬುದು ದೊಡ್ಡ ಅನುಕೂಲ. ಆದರೆ ಯಂತ್ರ ಬದಲಾದರೆ ಎಲುಬಿನ ಸ್ವಭಾವ ಬದಲಾಗುವುದಿಲ್ಲ.

ನಿಜವಾದ ಪರಿಹಾರ ಆಸ್ಪತ್ರೆಯ ಕತ್ತಲ ಕೋಣೆಯಲ್ಲಿ ಇಲ್ಲ. ಗ್ರಾಮದ ನೋಂದಣಿ ಪುಸ್ತಕದಲ್ಲಿದೆ. ಜನನ ಮರಣಗಳ ನೋಂದಣಿ ಕಾಯಿದೆ 1969ರದ್ದು. 2023ರ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಂದು ಜಾರಿಗೆ ಬಂದು, ಅಂದಿನಿಂದ ಹುಟ್ಟಿದವರಿಗೆ ಶಾಲೆ ಸೇರುವುದರಿಂದ ಹಿಡಿದು ಅನೇಕ ಕಾರ್ಯಗಳಿಗೆ ಜನನಪತ್ರವನ್ನೇ ಆಧಾರವನ್ನಾಗಿ ಮಾಡಿದೆ. ಮಗು ಹುಟ್ಟಿದ ಇಪ್ಪತ್ತೊಂದು ದಿನಗಳೊಳಗೆ ತಿಳಿಸಿದರೆ ಶುಲ್ಕವೂ ಇಲ್ಲ. ಕೂಲಿಯನ್ನು ಅರಸಿ ಊರಿಂದೂರಿಗೆ ಹೋಗುವ ಕುಟುಂಬಗಳ ಮಕ್ಕಳು, ರಸ್ತೆಯ ಬದಿಯ ಗುಡಾರಗಳಲ್ಲಿ ಹುಟ್ಟಿದ ಮಕ್ಕಳು ಈ ಪುಸ್ತಕದಿಂದ ತಪ್ಪಿಹೋಗುವ ಭಯ ಹೆಚ್ಚು. ಮುಂದೆ ಎಲುಬಿನ ಸಾಕ್ಷ್ಯವನ್ನೇ ನೆಚ್ಚಬೇಕಾಗಿ ಬರುವುದೂ ಅವರೇ. ಅವರ ಎಲುಬುಗಳೇ ಅಳತೆಗೋಲಿಗೆ ಎಲ್ಲರಿಗಿಂತ ಕಡಮೆ ಹೊಂದುವಂಥವು. ನಿಮ್ಮ ಬೀದಿಯಲ್ಲಿ ಅಂಥದೊಂದು ಮಗು ಹುಟ್ಟಿದರೆ ಅದರ ತಾಯಿತಂದೆಗಳನ್ನು ಪಂಚಾಯಿತಿ ಕಛೇರಿಗೆ ಕರೆದೊಯ್ಯುವಷ್ಟು ವಿದ್ಯೆ ಪ್ರೌಢಶಾಲೆಯ ವಿದ್ಯಾರ್ಥಿಗಳಲ್ಲಿ ಇದ್ದೇ ಇದೆ.

ಅಂಗೈಯ ಗೆರೆ ನೋಡಿ ಭವಿಷ್ಯ ನುಡಿಯುವವನನ್ನು ಕಂಡರೆ ನಾವು ವಿಜ್ಞಾನದ ವಿದ್ಯಾರ್ಥಿಗಳು ನಗುತ್ತೇವೆ. ಗೆರೆಗಳ ಕೆಳಗಿನ ಎಲುಬುಗಳನ್ನು ನೋಡಿ ಹುಟ್ಟಿದ ವರ್ಷವನ್ನು ನುಡಿದಾಗ ಮಾತ್ರ ಕೈ ಮುಗಿಯುತ್ತೇವೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೆಂದು ಬಲ್ಲೆ. ಒಂದಕ್ಕೆ ಯಾವ ಆಧಾರವೂ ಇಲ್ಲ, ಇನ್ನೊಂದಕ್ಕೆ ಒಂದು ಶತಮಾನದ ಅವಲೋಕನದ ಆಧಾರವಿದೆ. ಆ ಅವಲೋಕನವೇ ಎರಡು ವರ್ಷದ ಸಂದೇಹವನ್ನು ಜೊತೆಗೆ ಕಟ್ಟಿಕೊಟ್ಟಿದೆಯೆಂಬುದನ್ನು ಮರೆಯಬಾರದು, ಅಷ್ಟೇ.

ಕೆಲವು ವರ್ಷಗಳ ಕೆಳಗೆ ಮೆಟ್ಟಿಲಿನಿಂದ ಜಾರಿ ಬಿದ್ದು ಕೈಯೂರಿ ಮಣಿಕಟ್ಟಿಗೆ ಪೆಟ್ಟು ಮಾಡಿಕೊಂಡೆ. ಎಲುಬು ಮುರಿದಿಲ್ಲವೆಂದು ತಿಳಿದು ಧೈರ್ಯ ಬಂದ ಮೇಲೆ, ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದ ಚಿತ್ರವನ್ನು ನೋಡುತ್ತ ವೈದ್ಯರನ್ನು ಕೇಳಿದೆ: "ಇದನ್ನು ನೋಡಿದರೆ ನನ್ನ ವಯಸ್ಸು ಎಷ್ಟೆಂದು ಹೇಳುವಿರಿ, ಡಾಕ್ಟರೆ?" ಅವರು ಕನ್ನಡಕವನ್ನು ಸರಿಪಡಿಸಿಕೊಂಡು ರೇಡಿಯಸ್ಸಿನ ತುದಿಯನ್ನು ನೋಡಿದರು. ತಟ್ಟೆ ಇದ್ದ ಕಡೆ ಕೂದಲೆಳೆಯಂಥ ಒಂದು ಬಿಳಿಯ ಗೆರೆ ಉಳಿದಿತ್ತು. "ಇಪ್ಪತ್ತು ದಾಟಿದೆ. ಅದಕ್ಕಿಂತ ಹೆಚ್ಚಿಗೆ ಬೇಕಾದರೆ ನಿಮ್ಮ ತಾಯಿಯವರನ್ನು ಕೇಳಿ" ಎಂದರು. ತಾಯಿಯವರು ಬದುಕಿದ್ದಷ್ಟು ಕಾಲವೂ ಹೇಳುತ್ತಿದ್ದುದು, ನಾನು ಹುಟ್ಟಿದ್ದು ಮಹಾನವಮಿ ಕಳೆದ ವಾರ, ರಾಗಿಯ ತೆನೆ ಇನ್ನೂ ಹಸಿರಿದ್ದಾಗ ಎಂದು. ಶಾಲೆಯ ಪುಸ್ತಕದಲ್ಲಿ ಈಗಲೂ ಜೂನ್ 1 ಎಂದೇ ಇದೆ.